ನಿಮ್ಮ ಶಾಲಿಗೆ ನುಸಿ ಬಿದ್ದಿದೆ, ಅಜ್ಜಿ

ಅಜ್ಜಿ,

ಬೈಯುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಮೆರೂನ್ ಬಣ್ಣದ ಉಣ್ಣೆ ಶಾಲಿಗೆ ನುಸಿ ಬಿದ್ದಿದೆ. ಕುತ್ತಿಗೆಯ ಹತ್ತಿರ, ನಿಮ್ಮ ತುರುಬಿನ ಎಣ್ಣೆ ತಾಗುತ್ತಿದ್ದ ಜಾಗದಲ್ಲೇ, ಮೂರು ತೂತು. ನೀವು ಹೋಗಿ ನಾಲ್ಕು ತಿಂಗಳಾಯಿತು. ಅಷ್ಟು ದಿನವೂ ಅದನ್ನು ತೊಳೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟವಳು ನಾನೇ. ವಾಟ್ಸಾಪ್ ಗ್ರೂಪಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ಇದೇ ಚೈತ್ರ. ತೊಳೆದರೆ ಶಾಲು ಉಳಿಯುತ್ತದೆ, ಅದರಲ್ಲಿರುವ ನಿಮ್ಮ ವಾಸನೆ ಹೋಗುತ್ತದೆ. ತೊಳೆಯದಿದ್ದರೆ ಎರಡೂ ಹೋಗುತ್ತವೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ, ಅಲ್ಲವಾ? ಆದರೂ ಮೂರು ದಿನ ಬಕೆಟ್ಟಿನ ಮುಂದೆ ಕೂತು, ಕೈ ಒದ್ದೆ ಮಾಡಿಕೊಳ್ಳದೆ ಎದ್ದು ಬಂದೆ.

ನಿಮ್ಮ ದನಿ ಮೊದಲು ಕೇಳಿದ್ದು ಬಸ್ಸಿನಲ್ಲಿ. ಹಳೇ ಸೀರೆಗಳ ವಾಟ್ಸಾಪ್ ಗ್ರೂಪಿಗೆ ಸೇರಿ ಎರಡು ದಿನವಾಗಿತ್ತು. ಯಾರೋ ಒಬ್ಬರು ನುಸಿಗುಳಿಗೆ ಇಟ್ಟಿದ್ದ ರೇಷ್ಮೆ ಸೀರೆಯ ಜರಿ ಕಪ್ಪಾಗಿದೆ ಎಂದು ಫೋಟೊ ಹಾಕಿದ್ದರು. ಎಲ್ಲರೂ ಅಳುವ ಇಮೋಜಿ ಹಾಕುತ್ತಿದ್ದಾಗ ನೀವು ನಾಲ್ಕು ನಿಮಿಷದ ವಾಯ್ಸ್ ನೋಟ್ ಹಾಕಿದಿರಿ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಗುಳಿಗೆ ಕೊಳ್ಳಬೇಡಿ, ಒಂದು ತುಂಡು ಬಜೆ ಬೇರು, ನಾಲ್ಕು ಲವಂಗ, ಒಂದು ಚಮಚ ಮೆಣಸು ಹಳೇ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಿ, ವಾಸನೆ ಸತ್ತಾಗ ಜಜ್ಜಿ ಮತ್ತೆ ಇಡಿ ಎಂದಿರಿ. ಕೊನೆಗೆ ಒಂದು ಮಾತು: "ಹಾರೋದು ತಿನ್ನಲ್ಲ ಕಣ್ರಮ್ಮ, ತೆವಳೋದು ತಿನ್ನುತ್ತೆ. ಹಾರೋದರ ಹಿಂದೆ ಓಡ್ಬೇಡಿ, ಹೊಲಿಗೆ ಸಂದಿ ನೋಡಿ." ಬಸ್ಸಿಳಿದು ಸ್ಟಾಪಿನಲ್ಲೇ ನಿಂತು ಅದನ್ನು ಇನ್ನೆರಡು ಸಲ ಕೇಳಿದೆ. ಜನ ಸಿನಿಮಾದವರಿಗೆ ಫ್ಯಾನ್ ಆಗುತ್ತಾರೆ. ನಾನು ನಿಮಗಾದೆ.

ಬೇವಿನ ಸೊಪ್ಪಿನ ಅವಾಂತರ ನೆನಪಿದೆಯಾ? ಬೆರಳಲ್ಲಿ ಹಿಡಿದರೆ ಪುಡಿಯಾಗುವಷ್ಟು ನೆರಳಲ್ಲಿ ಒಣಗಿಸು ಎಂದು ನೀವು ಹೇಳಿದ್ದಿರಿ. ನನಗೆಲ್ಲಿ ತಾಳ್ಮೆ? ಎರಡನೇ ದಿನವೇ ಅಮ್ಮನ ಕೆನೆ ಬಣ್ಣದ ಸೀರೆಯ ಮಡಿಕೆಗೆ ತುರುಕಿದೆ. ಹಸಿರು ಕಲೆ ಕೂತಿತು. ಫೋಟೊ ಕಳಿಸಿದರೆ ನೀವು ವಿಳಾಸ ಕಳಿಸಿ, ತಗೊಂಡು ಬಾ ಎಂದಿರಿ. ಚಾಮರಾಜಪೇಟೆಯ ಆ ಗಲ್ಲಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ನಿಮ್ಮ ಮನೆಗೆ ನಾನು ಮೊದಲ ಸಲ ಬಂದದ್ದು ಹಾಗೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನೇ ಹುಡುಗಿ, ಸೀರೆಗೂ ಯುಗಾದಿ ಮಾಡ್ಸಿದ್ಯಾ? ಬೆಲ್ಲ ಎಲ್ಲೇ?" ಎಂದಿರಿ. ಒಳಗೆ ನಿಮ್ಮ ಸೊಸೆ ಶೈಲಕ್ಕ ನಕ್ಕಿದ್ದು ಕೇಳಿಸಿತು. ನನಗೆ ನಾಚಿಕೆಯಾಗಬೇಕಿತ್ತು. ಆದರೆ ಈ ಊರಿನಲ್ಲಿ ಯಾರಾದರೂ ನನ್ನನ್ನು ಅಷ್ಟು ಸಲುಗೆಯಿಂದ ಬೈದು ಎಷ್ಟು ಕಾಲವಾಗಿತ್ತೋ...

ಆಮೇಲಿನ ಭಾನುವಾರಗಳನ್ನು ಹೇಗೆ ಹೇಳಲಿ? ವಾರವೆಲ್ಲ ಅವೆನ್ಯೂ ರಸ್ತೆಯ ಪೇಪರ್ ಅಂಗಡಿಯಲ್ಲಿ ಬಿಲ್ ಹಾಕುವುದು, ಬಸವನಗುಡಿಯ ಒಂದು ಕೋಣೆಗೆ ಹೋಗಿ ಮಲಗುವುದು. ಭಾನುವಾರ ಬಂದರೆ ಅಂಗಡಿಯಲ್ಲಿ ಉಳಿದ ಬಿಳಿ ಹಾಳೆಯ ಸುರುಳಿ ಹಿಡಿದು ನಿಮ್ಮ ಮನೆ. ನ್ಯೂಸ್ ಪೇಪರಿನ ಮಸಿ ಅಂಟುತ್ತದೆ ಎಂದು ನೀವು ಅದನ್ನು ಸೀರೆ ಪೆಟ್ಟಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಸೀರೆ ಬಿಚ್ಚಿ, ಗಾಳಿಗೆ ಹರವಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಚುತ್ತಿದ್ದೆವು. ನಿಮ್ಮ ಯಜಮಾನರ ಜವಳಿ ಅಂಗಡಿಯಲ್ಲಿ ಮಾರಾಟವಾಗದ ಸರಕನ್ನೂ ಹೀಗೇ ತಿಂಗಳಿಗೊಮ್ಮೆ ಬಿಚ್ಚುತ್ತಿದ್ದರಂತೆ. ಗಂಜಿ ಹಾಕಿದ ಬಟ್ಟೆ ಒಳಗೆ ಹೋಗಕೂಡದು. ಒಮ್ಮೆ ಉಟ್ಟದ್ದಂತೂ ತೊಳೆಯದೆ ಹೋಗಲೇಕೂಡದು. "ಹುಳ ಬಟ್ಟೆ ತಿನ್ನಲ್ಲ ಚೈತ್ರ, ನಮ್ಮನ್ನ ತಿನ್ನುತ್ತೆ. ನಮ್ ಬೆವರು, ನಮ್ ಎಣ್ಣೆ, ನಾವು ಚೆಲ್ಕೊಂಡಿದ್ ಪಾಯಸ," ಎನ್ನುತ್ತಿದ್ದಿರಿ. ಇದನ್ನು ನಾನು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡರೆ ಸಾಕಾ?

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಶೈಲಕ್ಕ ಈ ಶಾಲನ್ನು ನನ್ನ ಕೈಗಿಟ್ಟರು. "ಇದೊಂದು ತೊಳ್ದಿಲ್ಲಮ್ಮ. ಕೊನೇ ದಿನಾನೂ ಹೊದ್ಕೊಂಡಿದ್ರು. ಹೋದ ತಕ್ಷಣ ತೊಳ್ಕೊಂಬಿಡು," ಎಂದರು. ಹೂಂ ಅಂದೆ. ಕೋಣೆಗೆ ಬಂದು ಮುಖಕ್ಕೆ ಹಿಡಿದೆ. ಕೊಬ್ಬರಿ ಎಣ್ಣೆ, ವಿಭೂತಿ, ಕೀಲುನೋವಿನ ಮುಲಾಮು, ಅದರ ಕೆಳಗೆ ಇನ್ನೇನೋ, ಅದು ನೀವೇ. ತೊಳೆಯಲು ಕೈ ಬರಲಿಲ್ಲ. ಭಾನುವಾರಕ್ಕೊಮ್ಮೆ ಕವರಿನ ಗಂಟು ಬಿಚ್ಚುತ್ತಿದ್ದೆ. ಒಂದು ಸಲ ಮೂಸಿ, ಖಾಲಿಯಾಗಿಬಿಟ್ಟೀತು ಎಂದು ಮತ್ತೆ ಬಿಗಿಯುತ್ತಿದ್ದೆ. ನಾನು ಬಿಚ್ಚಿದಾಗಲೆಲ್ಲ ನುಸಿಗೂ ಬಾಗಿಲು ತೆರೆದಂತಾಯಿತೇನೋ. ಹೋದ ವಾರ ಬಿಚ್ಚಿದಾಗ ಅಕ್ಕಿ ನುಚ್ಚಿನಂಥದ್ದೊಂದು ಉಣ್ಣೆಯ ಮೇಲೆ ಮೆಲ್ಲಗೆ ತೆವಳಿತು.

ಗ್ರೂಪಿನಲ್ಲಿ ಈಗಲೂ ದಿನಕ್ಕೊಬ್ಬರು ಕೇಳುತ್ತಾರೆ, ಅಜ್ಜಿ ಇದ್ದಿದ್ದರೆ ಇದಕ್ಕೇನು ಹೇಳುತ್ತಿದ್ದರು ಎಂದು. ನಾನು ನಿಮ್ಮ ಹಳೇ ವಾಯ್ಸ್ ನೋಟ್ ಹುಡುಕಿ ಹಾಕುತ್ತೇನೆ. ಸಾಲಾಗಿ ಹಾರ್ಟ್ ಬೀಳುತ್ತವೆ. ಒಬ್ಬರಂತೂ ನನ್ನನ್ನು ಜೂನಿಯರ್ ಅಜ್ಜಿ ಎಂದು ಕರೆಯುತ್ತಾರೆ. ಅಂಥವಳು ತೂತಿನ ಫೋಟೊ ಹೇಗೆ ಹಾಕಲಿ? ಟೈಪ್ ಮಾಡಿ ಅಳಿಸಿದೆ. ಇನ್ನೂರು ಜನರ ಗ್ರೂಪಿನಲ್ಲಿ ಇದನ್ನು ಹೇಳಿಕೊಳ್ಳಲು ಒಬ್ಬರೂ ತೋಚಲಿಲ್ಲ. ಕೊನೆಗೆ ನಿಮ್ಮ ನಂಬರಿಗೇ ಕಳಿಸಿದೆ. ಒಂದೇ ಟಿಕ್.

ನೀವು ಕೊನೆಯ ಸಲ ಫೋನ್ ಮಾಡಿದ್ದು ಒಂದು ಶನಿವಾರ ಸಂಜೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. "ನಾಳೆ ಬಂದಾಗ ಈ ಶಾಲೊಂದು ತೊಳ್ಕೊಡ್ತೀಯಾ? ಬೆರಳು ಮಡಚಕ್ಕೆ ಆಗ್ತಿಲ್ಲ. ಶೈಲ ಆದ್ರೆ ಮಷೀನಿಗೆ ಹಾಕ್ಬಿಡ್ತಾಳೆ." ಬರುತ್ತೇನೆ ಎಂದೆ. ಭಾನುವಾರ ಬೆಳಿಗ್ಗೆ ನಿಮ್ಮ ಮಾತುಗಳನ್ನೆಲ್ಲ ಬಣ್ಣದ ಪೋಸ್ಟರ್ ಮಾಡಿ ಗ್ರೂಪಿಗೆ ಹಾಕಲು ಕೂತೆ. ಒಂದಕ್ಕೆ ಅರವತ್ತು ಲೈಕ್ ಬಂತು, ಇನ್ನೊಂದು ಮಾಡಿದೆ, ಮತ್ತೊಂದು ಮಾಡಿದೆ. ಮಧ್ಯಾಹ್ನವಾಯಿತು. ಮುಂದಿನ ವಾರ ಪಕ್ಕಾ ಅಜ್ಜಿ, ಎಂದು ಮೆಸೇಜ್ ಮಾಡಿದೆ. ನೀವು ಹೆಬ್ಬೆರಳಿನ ಚಿತ್ರ ಕಳಿಸಿದಿರಿ. ಬುಧವಾರ ಶೈಲಕ್ಕನ ಫೋನ್ ಬಂತು. ಅಭಿಮಾನ ಎಂದರೆ ಇದೇನಾ ಅಜ್ಜಿ? ನಿಮ್ಮ ಮಾತಿಗೆ ಬಾರ್ಡರ್ ಹಾಕುತ್ತಾ ಕೂತು ನಿಮ್ಮ ಮನೆಗೇ ಬರದೆ...

ಇವತ್ತು ತೊಳೆದೆ. ನೀವು ಹೇಳುವ ಕ್ರಮದಲ್ಲೇ. ಮೊದಲು ಬಿಸಿಲಿಗೆ ಹರವಿ, ಅಂಚಿನ ಸಂದಿಗಳನ್ನೆಲ್ಲ ಹಳೇ ಟೂತ್ ಬ್ರಷ್ಷಿನಿಂದ ಉಜ್ಜಿದೆ. ಅಂಟುವಾಳದ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವೆಲ್ಲಿನೊಳಗೆ ಸುತ್ತಿ ಒತ್ತಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಆ ನೀರನ್ನು ಸುರಿಯುವಾಗ ಸ್ವಲ್ಪ ಹೊತ್ತು ಬಕೆಟ್ ಹಿಡಿದು ನಿಂತೆ. ಶಾಲು ಈಗ ನೆರಳಲ್ಲಿ ಚಾಪೆಯ ಮೇಲೆ ಮಲಗಿದೆ. ಹತ್ತಿರ ಹೋಗಿ ಮೂಸಿದರೆ ಒದ್ದೆ ಉಣ್ಣೆಯ ವಾಸನೆ, ಅಷ್ಟೇ. ಗ್ರೂಪಿಗೆ ತೂತುಗಳ ಫೋಟೊ ಹಾಕಿ, ಇದು ನನ್ನ ತಪ್ಪು, ನಾಲ್ಕು ತಿಂಗಳು ತೊಳೆಯಲಿಲ್ಲ ಎಂದು ಬರೆದೆ. ಇನ್ನೂ ಯಾರೂ ಏನೂ ಹೇಳಿಲ್ಲ.

ಅಂಟುವಾಳ ಎಷ್ಟು ಹೊತ್ತು ನೆನೆಯಬೇಕೆಂದು ಮರೆತುಹೋಗಿ ನಿನ್ನೆ ಶೈಲಕ್ಕನಿಗೆ ಫೋನ್ ಮಾಡಿದ್ದೆ. ರಾತ್ರಿಯೇ ನೆನೆಸಬೇಕು, ಅತ್ತೆ ಹಾಗೇ ಮಾಡುತ್ತಿದ್ದರು ಎಂದರು. ಆಮೇಲೆ ಏನೋ ನೆನಪಾದವರ ಹಾಗೆ, ಹೋಗುವ ಮುಂಚಿನ ಶನಿವಾರ ರಾತ್ರಿಯೂ ಅಂಟುವಾಳ ನೆನೆಸಿದ್ದರು, ಯಾಕೆ ಅಂತ ಹೇಳಲಿಲ್ಲ, ಭಾನುವಾರ ಪೂರ್ತಿ ಆ ನೀರು ಬಚ್ಚಲಲ್ಲಿ ಹಾಗೇ ಇತ್ತು ಎಂದರು. ಫೋನ್ ಇಟ್ಟು, ರಾತ್ರಿ ಅಂಟುವಾಳ ನೆನೆಸಿಟ್ಟೆ. ಆದರೆ ನಿಮ್ಮನ್ನು ಕೇಳದೆ ಬಿಡುವುದಿಲ್ಲ. ಹೆಬ್ಬೆರಳು ಕಳಿಸಿ ತಪ್ಪಿಸಿಕೊಳ್ಳಬೇಡಿ, ಬಾಯಿ ಬಿಟ್ಟು ಹೇಳಿ: ಆ ನೀರನ್ನು ನೀವು ಎಷ್ಟು ಹೊತ್ತಿಗೆ ಚೆಲ್ಲಿದಿರಿ, ಅಜ್ಜಿ?