ಅಪ್ಪನ ಹೆಸರಿಗೆ ಬಾಲ ಬೆಳೆದದ್ದು

ಪಾರ್ಸಿಪನಿ
ಮೇ 14, 2025

ಅಖಂಡ ಪ್ರಿನ್ಸ್‌ಟನ್ ಪ್ರಯೋಗಾಲಯಾಧೀಶ್ವರಿ, ಇಲಿಕುಲಭಯಂಕರಿ, ತಮ್ಮನ ಫೋನು ಎತ್ತದಿರುವ ವ್ರತ ಹಿಡಿದ ಶ್ರೀ ಶ್ರೀ ಹಂಸಿನಿ ಅಕ್ಕನವರ ದಿವ್ಯ ಪಾದಗಳಿಗೆ ನಚಿಕೇತನ ಸಾಷ್ಟಾಂಗ.

ಪತ್ರ ತಡವಾಯಿತು, ಕ್ಷಮಿಸು. ಗೂಢಚಾರಿಕೆಗೆ ಸಮಯ ಹಿಡಿಯುತ್ತದೆ. ಈಮೇಲ್ ಮಾಡಿದರೆ ಮನೆಯ ಐಪ್ಯಾಡ್‌ನಲ್ಲಿ ಅಪ್ಪನೂ ಓದುತ್ತಾರೆ, ವಿಷಯ ಅವರದೇ.

ಪಕ್ಕದ ಅಪಾರ್ಟ್‌ಮೆಂಟಿನ ಗಲೀನಾ ಆಂಟಿ ಗೊತ್ತಲ್ಲ, ಪಿಯಾನೋ ಹೇಳಿಕೊಡುವ ರಷ್ಯನ್ ಹೆಂಗಸು? ಮಾರ್ಚ್‌ವರೆಗೆ ಅವರ ಬಾಯಲ್ಲಿ ಅಪ್ಪ ‘ಮಿಸ್ಟರ್ ಬದರೀನಾಥ್’. ಏಪ್ರಿಲ್‌ನಲ್ಲಿ ‘ಬದ್ರಿಕ್’ ಆದರು. ಕಳೆದ ಭಾನುವಾರ ಬಾಲ್ಕನಿಯಿಂದ ಬಾಲ್ಕನಿಗೆ ಸಬ್ಬಸಿಗೆ ಸೊಪ್ಪು ದಾಟಿಸುತ್ತಾ ‘ಬದ್ರೂಷಾ’ ಎಂದರು!

ಕಾಲೇಜಿನ ರಷ್ಯನ್ ಗೆಳೆಯ ಮಿಖಾಯಿಲ್‌ನನ್ನು ವಿಚಾರಿಸಿದೆ. ಪ್ರೊಫೆಸರಿಗೆ ಅವನು ಮಿಖಾಯಿಲ್, ನಮಗೆ ಮೀಶಾ, ಅವನಜ್ಜಿಗೆ ಮಾತ್ರ ಮೀಶೆಂಕಾ. ಅವರಲ್ಲಿ ಹೆಸರನ್ನು ಮೊದಲು ಚಿಕ್ಕದು ಮಾಡುತ್ತಾರಂತೆ, ಆಮೇಲೆ ಅಕ್ಕರೆ ಹೆಚ್ಚಿದಷ್ಟೂ ಬಾಲ ಬೆಳೆಯುತ್ತದಂತೆ. ‘ಊಷಾ’ ಯಾವ ಮಟ್ಟದ್ದು ಎಂದು ಕೇಳಿದೆ. ಪಾಪಿ, ಹುಬ್ಬು ಕುಣಿಸಿದ.

ಅಪ್ಪನನ್ನು ವಿಚಾರಣೆಗೆ ಒಳಪಡಿಸಿದೆ.

“ಯಾರಪ್ಪಾ ಅದು ಬದ್ರೂಷಾ?”

“ಸುಮ್ನಿರೋ. ಅವರ ಭಾಷೇಲಿ ಹಾಗೇ ಕರೀತಾರಂತೆ.”

“ನೀವು ಅವರನ್ನ ಏನಂತೀರಿ?”

“ಗಾಲ್ಯಾ... ಅಂದ್ರೆ, ಗಲೀನಾ. ನಿಂಗೆ ಓದೋದೇನೂ ಇಲ್ವಾ?”

ಕಿವಿ ಕೆಂಪಾಗಿತ್ತು ಎಂಬುದನ್ನು ದಾಖಲಿಸಿಕೋ. ಬಾಲ್ಕನಿಗೆ ಹೋಗುವುದಕ್ಕೂ ಈಗ ಇಸ್ತ್ರಿ ಮಾಡಿದ ಅಂಗಿ.

ಅಕ್ಕ, ಅಮ್ಮ ಹೋಗಿ ಮೂರು ವರ್ಷವೂ ಆಗಿಲ್ಲ. ಅಮ್ಮ ಒಂದು ಸಲವಾದರೂ ಅಪ್ಪನ ಹೆಸರು ಹೇಳಿದ್ದು ನಿನಗೆ ನೆನಪಿದೆಯೇ? ಇಪ್ಪತ್ತೇಳು ವರ್ಷ ಬರೀ “ರೀ”. ಆಸ್ಪತ್ರೆಯಲ್ಲಿ ನರ್ಸ್ ಗಂಡನ ಹೆಸರು ಕೇಳಿದಾಗಲೂ ನಕ್ಕು, “ನೀನು ಹೇಳೋ” ಎಂದು ನನ್ನ ಕಡೆ ನೋಡಿದಳು. ಅಮ್ಮ ಬಾಯಲ್ಲಿ ಆಡದೆ ಕಾಪಾಡಿದ ಹೆಸರನ್ನು ಈಕೆ ಕತ್ತರಿಸಿ ಬಾಲ ಅಂಟಿಸುತ್ತಿದ್ದಾರೆ. ಮುಂದಿನ ಬಾಲ ‘ಎಂಕಾ’. ಅಷ್ಟರೊಳಗೆ ಬಂದು ಇದನ್ನು ನಿಲ್ಲಿಸು. ನೀನು ಹೇಳಿದರೆ ಅಪ್ಪ ಕೇಳುತ್ತಾರೆ.

ನಿನ್ನ ಇಲಿಗಳಿಗೆ ದೀರ್ಘಾಯುಸ್ಸೂ ನಿನಗೆ ಶೀಘ್ರ ಪಿಎಚ್‌ಡಿಯೂ ಪ್ರಾಪ್ತಿಯಾಗಲಿ.

ಗುಪ್ತಚರ ಇಲಾಖೆಯ ಏಕೈಕ ನೌಕರ,
ನಚಿಕೇತ

ತಾ.ಕ.: ಏಪ್ರಿಲ್ ಒಂದರಂದು ಗಲೀನಾ ಆಂಟಿಯ ಬಾಗಿಲು ತಟ್ಟಿ, ‘ಅಪ್ಪನನ್ನು ನಿಮ್ಮ ಕಡೆಯವರ ಹಾಗೆ ಕರೆಯಿರಿ, ಅವರಿಗೆ ಬಹಳ ಇಷ್ಟ’ ಎಂದು ಸುಳ್ಳು ಹೇಳಿ ಬಂದವನು ನಾನೇ. ಅಪ್ಪ ಕಕ್ಕಾಬಿಕ್ಕಿಯಾಗುತ್ತಾರೆ, ಮಜಾ ನೋಡೋಣ ಎಂದುಕೊಂಡಿದ್ದೆ. ಆಂಟಿ ‘ಬದ್ರಿಕ್’ ಎಂದು ಕರೆದರು. ಗಿಡಕ್ಕೆ ನೀರು ಹಾಕುತ್ತಿದ್ದ ಅಪ್ಪ “ಹಾಂ?” ಎಂದು ತಿರುಗಿ ನಕ್ಕರು. ಅಮ್ಮ ಹೋದಾಗಿನಿಂದ ಅವರನ್ನು ಹಾಗೆ ನಗಿಸಲು ನಾನು ಎಷ್ಟೆಲ್ಲ ತಮಾಷೆ ಮಾಡಿದ್ದೆ, ಅಕ್ಕ. ಒಂದಕ್ಕೂ ನಕ್ಕಿರಲಿಲ್ಲ.