ಸುಟ್ಟ ಅಂಗಿಯ ಸಾಕ್ಷಿ

ಇಸ್ತ್ರಿ ಅಂಗಡಿಯಿಂದ,
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ತಮ್ಮಾ,

ಜ್ವರ ಪೂರ್ತಿ ಇಳಿಯಿತೇ? ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ನನ್ನ ಹತ್ತಿರ ಸುಳ್ಳು ಬೇಡ. ಮುದಿ ಪಾದ್ರಿಗಳನ್ನು ಹಾಸಿಗೆಯಿಂದ ಎತ್ತುವಾಗ ನೀನು ಅಲ್ಲೇ ಕುಸಿದದ್ದು, ಹತ್ತು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದದ್ದು, ಎಲ್ಲ ಗೊತ್ತಾಗಿದೆ. "ಅಕ್ಕನಿಗೆ ಹೇಳಬೇಡಿ" ಅಂತ ದರ್ಜಿಯ ಹೆಂಡತಿಗೆ ಬರೆದೆಯಂತೆ. ಆಕೆಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೀದಿ ಸುತ್ತುತ್ತದೆ ಅನ್ನೋದು ಮರೆತೇಹೋಯಿತೇ, ದಡ್ಡ?

ಕೇಳಿದಾಗ ನನಗೆ ಬಂದದ್ದು ಸಿಟ್ಟೇ. ಪಾದ್ರಿಗಳ ಆರೈಕೆಗೆ ಅಂತ ಚರ್ಚಿನ ಸಭೆಯವರೆಲ್ಲ ಸೇರಿ ಆರಿಸಿ ಕಳಿಸಿದ ಆಳು ಎರಡೇ ತಿಂಗಳಿಗೆ ತಾನೇ ಮಲಗಿಬಿಟ್ಟನಲ್ಲ, ಇನ್ನು ಭಾನುವಾರ ಯಾವ ಮುಖ ಹೊತ್ತು ಮುಂದಿನ ಬೆಂಚಿನಲ್ಲಿ ಕೂರಲಿ ಅಂತ. ಅದೇ ಸಿಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೆ. ಹಾಡಿನ ಮೇಷ್ಟ್ರ ಬಿಳಿ ಅಂಗಿ. ಮಧ್ಯಾಹ್ನ ಮೂರು ಗಂಟೆ. ನಿಂತಲ್ಲೇ ನಿದ್ದೆ ಹೋಗಿದ್ದೇನೆ! ಸುಟ್ಟ ವಾಸನೆಗೆ ಎಚ್ಚರವಾದರೆ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಅಚ್ಚು ಕಂದಾಗಿ ಮೂಡಿದೆ. ಮೂವತ್ತೊಂದು ವರ್ಷದಲ್ಲಿ ಯಾರದೂ ಒಂದು ಗುಂಡಿ ಕಳೆದವಳಲ್ಲ ನಾನು. ಸ್ಟೂಲಿನ ಮೇಲೆ ಕೂತೆ, ಕೈ ಎತ್ತಲು ಆಗಲಿಲ್ಲ. ಎಷ್ಟು ಬೈದುಕೊಂಡರೂ ಮೈ ಮಾತು ಕೇಳಲಿಲ್ಲ. ಆಗ ನಿನ್ನ ನೆನಪಾಯಿತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬೆರಳಿಟ್ಟುಕೊಂಡು ಓದುವವಳು. ಆದರೂ ಅಂದು ಸಂಜೆ ಬೈಬಲ್ ತೆರೆದು ಹುಡುಕಿದೆ. ಅದರಲ್ಲಿ ನಿನ್ನಂಥವನೊಬ್ಬ ಇದ್ದಾನೆ. ಸೆರೆಯಲ್ಲಿದ್ದ ಪೌಲನಿಗೆ ನೆರವಾಗಲಿ ಅಂತ ಸಭೆಯವರು ಕಳಿಸಿದವನು. ಹೆಸರು ಮಾರುದ್ದ, ನನ್ನ ನಾಲಿಗೆಗೆ ಹೊರಳದು. ದುಡಿದು ದುಡಿದು ಸಾಯೋ ಹಾಗಾದ. ಅವನ ಸಂಕಟ ಏನು ಗೊತ್ತೇ? ಕಾಯಿಲೆಯ ಸುದ್ದಿ ಊರಿಗೆ ಮುಟ್ಟಿತಲ್ಲ ಅಂತ! ಥೇಟ್ ನೀನೇ. ಪೌಲ ಬೈಯಲಿಲ್ಲ. ಅವನನ್ನು ವಾಪಸು ಕಳಿಸಿದ, ಇಂಥವರಿಗೆ ಮರ್ಯಾದೆ ಕೊಡಿ ಅಂತ ಸಭೆಗೆ ಕಾಗದವನ್ನೂ ಬರೆದ.

ಮೊನ್ನೆ ಭಾನುವಾರ ಎದ್ದು ನಿಂತು ಆ ಭಾಗ ನಾನೇ ಓದಿದೆ. ಐದು ಕಡೆ ತಡವರಿಸಿದೆ, ದರ್ಜಿ ಮೂರು ಸಲ ಬೇಕಂತಲೇ ಕೆಮ್ಮಿದ. ಆ ಹೆಸರು ಬಂದಲ್ಲಿ "ಆ ಮನುಷ್ಯ" ಅಂದು ದಾಟಿಸಿದೆ. ಆಮೇಲೆ ಸುಟ್ಟ ಅಂಗಿ ಬಿಡಿಸಿ ಎಲ್ಲರಿಗೂ ತೋರಿಸಿ, "ಮೈ ಸೋತರೆ ನನ್ನ ಕೈಯಲ್ಲೂ ಹೀಗಾಗುತ್ತದೆ" ಅಂದೆ. ಮೇಷ್ಟ್ರು "ಅಯ್ಯೋ, ಅದು ನನ್ನದು!" ಅಂದರು. "ನಿಮ್ಮದೇ, ಕೂತ್ಕೊಳ್ಳಿ" ಅಂದೆ. ನನ್ನ ತಮ್ಮ ಮನೆಗೆ ಬಂದಾಗ ಯಾರಾದರೂ ಮುಖ ಸಿಂಡರಿಸಿದರೆ ಅವರ ಬಟ್ಟೆ ಅವರೇ ಇಸ್ತ್ರಿ ಮಾಡಿಕೊಳ್ಳಲಿ ಅಂತಲೂ ಹೇಳಿದೆ.

ಪಾದ್ರಿಗಳಿಗೆ ನನ್ನ ವಂದನೆ. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಜೊತೆಗೆ ತಲೆಗೆ ಬುದ್ಧಿಯನ್ನೂ.

ಇಂತಿ ನಿನ್ನ
ಅಕ್ಕ

ತಾ.ಕ.: ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು "ಕೆಲಸ ಮುಗಿಸದೆ ಮನೆ ಹೊಸ್ತಿಲು ತುಳಿಯಬೇಡ" ಅಂದಿದ್ದೆನಲ್ಲ. ಅದಕ್ಕೇ ನೀನು ಬರದೆ ಕೂತಿರುವುದು. ಹಾಗಂದದ್ದು ನನ್ನ ತಪ್ಪು. ಗುರುವಾರದ ಬಸ್ಸಿಗೆ ದರ್ಜಿ ಬರುತ್ತಾನೆ, ಇನ್ನು ಪಾದ್ರಿಗಳನ್ನು ಎತ್ತುವ ಕೆಲಸ ಅವನದು, ಕೆಮ್ಮಿದ್ದಕ್ಕೆ ಅದೇ ಶಿಕ್ಷೆ. ನೀನು ಅದೇ ಬಸ್ಸಿಗೆ ವಾಪಸು ಹತ್ತು. ನಿನ್ನ ಹಾಸಿಗೆ ಹಾಸಿಟ್ಟಿದ್ದೇನೆ. ಅಂಗಡಿಯನ್ನೂ ಎರಡು ದಿನ ಮುಚ್ಚುತ್ತೇನೆ. ಇಬ್ಬರೂ ನಿದ್ದೆ ಮಾಡೋಣ.