ಇವರು ಇಂಜೆಕ್ಷನ್‌ಗೆ ಒಪ್ಪಿದ ದಿನ

ಹನ್ನೆರಡನೇ ತಾರೀಕು, ಗುರುವಾರ.

ಇವರದು ಇವತ್ತೂ ಅದೇ ಹಟ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಡಾಕ್ಟರು ಹೇಳಿದ ಇಂಜೆಕ್ಷನ್ ಬೇಡವಂತೆ. "ಗಂಡಸಿನ ಹಾರ್ಮೋನು ಇಳಿಸಿಕೊಂಡು ಬದುಕೋದಕ್ಕಿಂತ ಸಾಯೋದೇ ಮೇಲು" ಅಂದರು.

ಮಗಳು ಪ್ರಯೋಗಾಲಯದಲ್ಲಿ ಓದುತ್ತಿರುವುದು ಆ ಗ್ರಂಥಿಯ ವಿಷಯವನ್ನೇ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು. ನಾಚಿಕೆಯಾಗಿ ನಾನು ಬಾಗಿಲ ಹಿಂದೆ ನಿಂತೆ. ಅವಳು ದನಿ ತಗ್ಗಿಸಲೇ ಇಲ್ಲ.

"ಹಾರ್ಮೋನು ಒಂದೇ ಅಪ್ಪಾ, ಒಂದೊಂದು ಜೀವಕೋಶ ಅದನ್ನ ಒಂದೊಂದು ಥರ ಕೇಳುತ್ತೆ. ರಸ ಸುರಿಸೋ ಕೋಶಗಳು ಅದಿಲ್ಲದಿದ್ರೆ ಸೊರಗುತ್ತವೆ. ಅವುಗಳ ಬುಡದಲ್ಲಿರೋವು ಅದಿಲ್ಲದೇನೂ ಬದುಕುತ್ತವೆ. ಸುತ್ತ ಇರೋವು ಅದನ್ನ ಕೇಳಿ, ಬೆಳೀರಿ ಬೆಳೀರಿ ಅಂತ ಪಕ್ಕದವನ್ನ ಹುರಿದುಂಬಿಸುತ್ತವೆ. ನಿನ್ನ ಕ್ಯಾನ್ಸರಿಗೆ ಆ ಹಾರ್ಮೋನೇ ಊಟ. ಊಟ ನಿಲ್ಲಿಸೋಣ. ಅಪ್ಪ ಅಪ್ಪನಾಗೇ ಇರ್ತಾನೆ."

ಇವರು ನಕ್ಕುಬಿಟ್ಟರು. "ನಮ್ಮನೆ ಥರಾನೇ ಅನ್ನು. ನಿಮ್ಮಮ್ಮ ಕೂಗಿದ್ರೆ ನೀನು ಓಡಿ ಬರ್ತೀಯ, ನಾನು ಅಲ್ಲಾಡಲ್ಲ, ಪಕ್ಕದ ಮನೆಯಾಕೆ ಊರಿಗೆಲ್ಲ ಸಾರ್ತಾಳೆ."

"ನಾಳೆ ಇಂಜೆಕ್ಷನ್‌ಗೆ ಮಾತ್ರ ಅಲ್ಲಾಡಬೇಕು."

"ಆಯ್ತು ತಾಯಿ, ನೀನೇ ಕರ್ಕೊಂಡು ಹೋಗು."

ದೇವರ ಮುಂದೆ ಕೂತಾಗ ಬೇಡಿಕೊಳ್ಳೋಕೆ ಏನೂ ನೆನಪಾಗಲಿಲ್ಲ. ಬರೀ ಅವಳ ಬಗ್ಗೆ ಕೊಚ್ಚಿಕೊಂಡೆ. ಜಂಬ ಪಾಪವಂತೆ. ಆದರೆ ಇಂಥ ಮಗಳನ್ನು ಕೊಟ್ಟವನೇ ಅವನಲ್ಲವೇ, ಕೇಳಿಸಿಕೊಳ್ಳಲಿ…